ಕಡಾಯಿಯಲ್ಲಿ ಕೆರೆಗಿಳಿದ ಕಾಡಸಿದ್ದ

ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಇದು ನಮ್ಮ ಕಡೆಯ ರೂಢಿ, ನಿಮಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ತೀರಾ ತಡೆಯಲಾಗದಿದ್ದರೆ "ದೂರ ಹೊಂಟ್ರೇನು?" ಎಂದು ಸುತ್ತಿ ಬಳಸಿ ಕೇಳುತ್ತೇವೆ. ಈ ರೂಢಿಯಿಂದ ಯಾರ ಕೆಲಸ ಉಳಿದಿದೆಯೋ ನನಗೆ ತಿಳಿಯದು. ಒಬ್ಬ ಮನುಷ್ಯನ ಜೀವ ಹೋಗುವುದರಲ್ಲಿತ್ತು, ಅದನ್ನು ಮಾತ್ರ ಹೇಳುತ್ತೇನೆ.

ಅವನ ಹೆಸರು ಕಾಡಸಿದ್ದ. ಊರು ಅಕ್ಕೋಳ, ವಯಸ್ಸು ಐವತ್ತೆರಡು. ನಿಪ್ಪಾಣಿಯ ಒಂದು ತಂಬಾಕಿನ ವಖಾರದಲ್ಲಿ ಚೀಲ ಹೊರುವ ಕೆಲಸ. ಹೆಂಡತಿ ಸತ್ತೆವ್ವ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ವಖಾರದ ಗದ್ದಲ, ಘಾಟು, ಸೀನು, ಬೈಗುಳ. ಹೇಗೋ ಹೊತ್ತು ಹೋಗುತ್ತಿತ್ತು. ರವಿವಾರ ಬಂತೆಂದರೆ ಬಾಡಿಗೆಯ ಕೋಣೆಯಲ್ಲಿ ಒಂದು ತಾಟು, ಒಂದು ತಂಬಿಗೆ, ಅವನು. ಮಾತಾಡಬೇಕೆಂದರೆ ಗೋಡೆಯ ಜತೆ ಆಡಬೇಕು. ಅವನಿಗೆ ಆ ಕೋಣೆಯಲ್ಲಿ ಕೂತರೆ ಉಸಿರು ಕಟ್ಟುತ್ತಿತ್ತು.

ಹಾಗಾಗಿ 2014ರ ಬೇಸಿಗೆಯಿಂದ ಅವನು ಪ್ರತಿ ರವಿವಾರ ಕರೆವ್ವನ ಕೆರೆಗೆ ಹೋಗತೊಡಗಿದ. ನಿಪ್ಪಾಣಿಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಕೆರೆಯನ್ನೂ ಸುತ್ತಲಿನ ಗುಡ್ಡವನ್ನೂ ಅರಣ್ಯದವರು ಆಗಷ್ಟೇ ನಿಸರ್ಗಧಾಮ ಮಾಡಿದ್ದರು. ಗುಡ್ಡ ಹತ್ತಲು ಸುಣ್ಣ ಬಳಿದ ಕಲ್ಲು ನೆಟ್ಟ ಕಾಲುದಾರಿ, ತಂಗುವವರಿಗೆ ನಾಲ್ಕು ಡೇರೆ, ಕೆರೆಯಲ್ಲಿ ಹುಟ್ಟು ಹಾಕಿಕೊಂಡು ಹೋಗುವ ಸಣ್ಣ ದೋಣಿಗಳು. ಚಿಕ್ಕೋಡಿ, ಕೊಲ್ಲಾಪುರದ ಕಡೆಯಿಂದ ಜನ ಗುಂಪು ಗುಂಪಾಗಿ ಬರುತ್ತಿದ್ದರು. ಕಾಡಸಿದ್ದ ಒಬ್ಬನೇ ಬರುತ್ತಿದ್ದ. ಗುಡ್ಡ ಹತ್ತಿ, ನೆತ್ತಿಯ ಬಂಡೆಯ ಮೇಲೆ ಕೂತು, ಆಚೆ ದಂಡೆಯನ್ನು ನೋಡುತ್ತ ರೊಟ್ಟಿ, ಶೇಂಗಾ ಚಟ್ನಿ ತಿಂದು ಇಳಿಯುತ್ತಿದ್ದ.

ಆಚೆ ದಂಡೆಯಲ್ಲಿ ಮೊದಲು ಒಂದು ಗಾಣವಿತ್ತು. ಹದಿನೆಂಟು ವರ್ಷ ಅಲ್ಲಿ ಬೆಲ್ಲ ಕುದಿಸಿದವನು ಇದೇ ಕಾಡಸಿದ್ದ. ಅವನು ಕಡಾಯಿಯ ಹತ್ತಿರ, ಸತ್ತೆವ್ವ ಒಲೆಯ ಬಾಯಿಯ ಹತ್ತಿರ. ಅವಳು ಕಬ್ಬಿನ ಒಣಸಿಪ್ಪೆ ತಳ್ಳುತ್ತ ಕೆಳಗಿಂದಲೇ "ಪಾಕ ಬಂತೇನ್ರಿ?" ಎಂದು ಕೂಗುತ್ತಿದ್ದಳು, ಅವನು ಮೇಲಿಂದ "ತಡಿ, ತಡಿ" ಎನ್ನುತ್ತಿದ್ದ. ಕಬ್ಬೆಲ್ಲ ಕಾರ್ಖಾನೆಯ ದಾರಿ ಹಿಡಿದ ಮೇಲೆ ಗಾಣ ಮುಚ್ಚಿತು. ಗೋಡೆ ಬಿದ್ದವು. ಕಡಾಯಿ ಮಾತ್ರ ಕೆರೆಯ ದಂಡೆಯಲ್ಲಿ ಉಳಿಯಿತು. ಎಂಟು ಜನ ಎತ್ತಬೇಕಾದ ಕಬ್ಬಿಣ, ಯಾರು ಹೊತ್ತೊಯ್ಯಬೇಕು?

ನಿಸರ್ಗಧಾಮದ ಗೇಟಿನಲ್ಲಿ ನೀಲಮ ಎಂಬ ಹುಡುಗಿ ಕಾವಲಿಗಿದ್ದಳು. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಮುಂದೊಂದು ದಪ್ಪ ಪುಸ್ತಕ. ಬಂದವರು ಅದರಲ್ಲಿ ಹೆಸರು, ಊರು, ಫೋನು, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಬರೆಯಬೇಕು. ಮರಳಿದ ಮೇಲೆ ಸಹಿ ಹಾಕಬೇಕು. ಕೊನೆಯಲ್ಲಿ ಇನ್ನೊಂದು ಕಾಲಂ ಇತ್ತು. ಕಾಡಸಿದ್ದ ಪ್ರತಿ ವಾರ ಅಲ್ಲೊಂದು ಅಡ್ಡಗೆರೆ ಎಳೆದು ಮುಂದೆ ಹೋಗುತ್ತಿದ್ದ.

ಅಕ್ಟೋಬರಿನ ಒಂದು ರವಿವಾರ ನೀಲಮ ಅವನ ಪೆನ್ನಿಗೆ ಕೈ ಅಡ್ಡ ಹಿಡಿದಳು.

"ಕಾಕಾ, ಇವತ್ತಿನಿಂದ ಒಬ್ರ ಹೋಗವ್ರು ಕಡೀ ಕಾಲಂ ತುಂಬಲೇಬೇಕ್ರಿ. ಸಾಹೇಬ್ರು ಹೇಳ್ಯಾರ."

"ಏನೈತಿ ಅದರಾಗ?"

"ಏನರ ಆದ್ರ ಯಾರಿಗೆ ತಿಳಿಸಬೇಕು, ಅಂತ ಐತ್ರಿ."

"ಯಾರಿಗೂ ಬ್ಯಾಡ."

"ಹಂಗಂದ್ರ ಹ್ಯಾಂಗ್ರಿ? ಮನ್ಯಾಗ ಯಾರರ ಇರ್ತಾರಲ್ರಿ."

"ಇಲ್ಲ."

"ಅಣ್ಣ ತಮ್ಮಂದ್ರು?"

"ಶಿರಗುಪ್ಪ್ಯಾಗ ತಮ್ಮ ಅದಾನ. ನನ್ನ ಮಾರಿ ನೋಡಿ ಹತ್ತ ವರ್ಷ ಆತು. ಅವಗೇನ ತಿಳಸ್ತಿ?"

ಹಿಂದೆ ಚಿಕ್ಕೋಡಿಯ ಕಾಲೇಜು ಹುಡುಗರ ಗುಂಪು ನಿಂತಿತ್ತು. ಒಬ್ಬ, "ಕಾಕಾ, ಯಾರದರ ಹೆಸರ ಬರದ ಮುಂದ ನಡ್ರಿ, ಬಿಸಲ ಏರಾಕತ್ತೈತಿ" ಎಂದ. ಉಳಿದವರು ನಕ್ಕರು. ಅವರೇನು ಕೆಟ್ಟ ಮನಸ್ಸಿನಿಂದ ನಗಲಿಲ್ಲ. ಆದರೆ ಕಾಡಸಿದ್ದನಿಗೆ ಮುಖಕ್ಕೆ ಹೊಡೆದಂತಾಯಿತು. ತನಗೆ ಯಾರೂ ಇಲ್ಲ ಎಂಬುದನ್ನು ತಾನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಹತ್ತು ಜನರ ಮುಂದೆ. ಪೆನ್ನು ಅಲ್ಲೇ ಇಟ್ಟು ಬಸ್ ಸ್ಟಾಪಿಗೆ ತಿರುಗಿ ಬಂದ. ನೀಲಮ "ಕಾಕಾ, ತಡೀರಿ, ನನ್ನ ಮಾತ ಕೇಳ್ರಿ" ಎಂದು ಕೂಗುತ್ತಲೇ ಇದ್ದಳು.

ಮುಂದಿನ ವಾರವಿಡೀ ಆ ಕಾಲಂ ಅವನ ಬೆನ್ನು ಬಿಡಲಿಲ್ಲ. ಚೀಲ ಹೊರುವಾಗ, ಅನ್ನ ಬೇಯಿಸುವಾಗ, ಒಬ್ಬೊಬ್ಬರ ಹೆಸರು ನೆನೆಸಿಕೊಂಡು ಒಬ್ಬೊಬ್ಬರನ್ನೇ ಬಿಡುತ್ತ ಹೋದ. ಕಡೆಗೆ ಯಾರೂ ಉಳಿಯಲಿಲ್ಲ. ರವಿವಾರ ಬೆಳಿಗ್ಗೆ ಒಂದು ನಿರ್ಧಾರಕ್ಕೆ ಬಂದ: ಆ ಪುಸ್ತಕವೂ ಬೇಡ, ಆ ಹುಡುಗಿಯೂ ಬೇಡ, ಗೇಟಿನ ಕಡೆಗೆ ಹೋಗುವುದೇ ಬೇಡ.

ಬಸ್ ಸ್ಟಾಪಿನಲ್ಲಿ ಅಕ್ಕುತಾಯಿಯ ಚಹಾದಂಗಡಿ. ಅಲ್ಲಿಂದ ಬಲಕ್ಕೆ ಹೋದರೆ ಗೇಟು, ಎಡಕ್ಕೆ ಹೋದರೆ ಕಬ್ಬಿನ ಹೊಲದ ಬದುವಿನ ಮೇಲೆ ಹಾದು ಹಳೆಯ ಗಾಣ. ಅರವತ್ತು ದಾಟಿದ ಅಕ್ಕುತಾಯಿ ಕಲ್ಲನ್ನೂ ಮಾತಾಡಿಸುವ ಹೆಂಗಸು. ಪ್ರತಿ ವಾರ ಕಾಡಸಿದ್ದನ ಕೈಗೆ ಕಪ್ಪು ಕೊಟ್ಟು "ಬಾಯಾಗ ಕಡಬು ಇಟಗೊಂಡಿಯೇನ? ಒಂದರ ಮಾತಾಡಪಾ" ಎಂದು ಛೇಡಿಸುವಳು. ಅಂದು ಅವನು ಚಹಾಕ್ಕೆ ನಿಲ್ಲಲೇ ಇಲ್ಲ. ತಲೆ ತಗ್ಗಿಸಿ ಎಡದ ದಾರಿ ಹಿಡಿದ. ಅಕ್ಕುತಾಯಿ ಏನೋ ಕೇಳಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡಿದ್ದು ಅವನ ಕಣ್ಣಂಚಿಗೆ ಬಿತ್ತು.

ಆ ವರ್ಷ ಮಳೆ ಚೆನ್ನಾಗಿತ್ತು. ಕೆರೆ ತುಂಬಿ ನೀರು ಗಾಣದ ಕಲ್ಲಿನವರೆಗೆ ಏರಿತ್ತು. ಕಡಾಯಿ ಅರ್ಧ ನೀರಲ್ಲೇ ಇತ್ತು, ಒಳಗೆ ಮಳೆನೀರು. ಕಾಡಸಿದ್ದ ಅದರ ಅಂಚು ಸವರಿದ. ಸತ್ತೆವ್ವ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ಕಡಾಯಿ. ಈಗ ತುಕ್ಕು ಕೈಗೆ ಹತ್ತಿತು. ಹಳೆಯ ಎಣ್ಣೆಡಬ್ಬಿ ಹುಡುಕಿ ನೀರು ಎತ್ತಿ ಚೆಲ್ಲತೊಡಗಿದ. ಚೆಲ್ಲುತ್ತ ಚೆಲ್ಲುತ್ತ ಕಡಾಯಿ ಹಗುರಾಗಿ ತಾನೇ ಎದ್ದು ತೇಲಿತು. ಒಂಬತ್ತು ವರ್ಷದ ಹಿಂದೆ ಹೊಳೆ ಉಕ್ಕಿ ಹೊಲಮನೆ ಮುಳುಗಿದಾಗ ಇದೇ ಕಡಾಯಿಯಲ್ಲಿ ಎಂಟು ಜನ ಕೂತು ದಾಟಿದ್ದರು. ಅವನೂ ಇದ್ದ, ಸತ್ತೆವ್ವಳೂ ಇದ್ದಳು. ಯಾರ ಕಾಲೂ ನೆನೆದಿರಲಿಲ್ಲ. ಎಂಟು ಜನರನ್ನು ಹೊತ್ತದ್ದು ಒಬ್ಬನನ್ನು ಹೊರದೇ ಎಂದುಕೊಂಡು ಒಂದು ಬಿದಿರ ಗಳ ಹಿಡಿದು ಅದರಲ್ಲಿ ಕೂತ.

ಮೊದಲ ಹತ್ತು ಮಾರು ಸುಖವಾಗಿ ಹೋಯಿತು. ಕಡಾಯಿಯ ತಳದಲ್ಲಿ ನೀರಿನ ಸಪ್ಪಳ, ತಲೆಯ ಮೇಲೆ ಬೆಳ್ಳಕ್ಕಿ. ಅವನು ಎಷ್ಟೋ ತಿಂಗಳ ಮೇಲೆ ಜೋರಾಗಿ ಮಾತಾಡಿದ: "ತಡಿ, ತಡಿ." ಕೆಳಗಿಂದ ಯಾರೂ "ಪಾಕ ಬಂತೇನ್ರಿ?" ಎಂದು ಕೂಗಿರಲಿಲ್ಲ. ಅವನಿಗೆ ಅಳು ಬಂತು.

ಅಷ್ಟರಲ್ಲಿ ಗಳಕ್ಕೆ ತಳ ಸಿಗದಾಯಿತು. ಪಡುವಣ ಗಾಳಿ ಎದ್ದಿತು. ಕಡಾಯಿ ಬೀಸುಕಲ್ಲಿನಂತೆ ಗರಗರ ತಿರುಗತೊಡಗಿತು. ಈ ಕಡೆ ಸರಿದರೆ ಈ ಅಂಚಿನಿಂದ ನೀರು, ಆ ಕಡೆ ಸರಿದರೆ ಆ ಅಂಚಿನಿಂದ ನೀರು. ಕಡಾಯಿಗೆ ಮುಂದೆ ಯಾವುದು, ಹಿಂದೆ ಯಾವುದು? ಗಾಳಿ ಒಯ್ದ ಕಡೆ ಹೋಯಿತು, ಹೋಗಿ ಕೆರೆಯ ನಡುವಿನ ಬಂಡೆಗಳಿಗೆ ಬಡಿಯಿತು. ಕಾಡಸಿದ್ದ ಬಂಡೆಯ ಮೇಲೆ ಕಾಲಿಡುವುದಕ್ಕೂ ಕಡಾಯಿ ಮತ್ತೊಮ್ಮೆ ಅಪ್ಪಳಿಸುವುದಕ್ಕೂ ಸರಿಹೋಯಿತು. ಎಡಗಾಲಿನ ಹರಡು, ಪಾದದ ಮೇಲಿನ ಕೀಲು, ಕಬ್ಬಿಣಕ್ಕೂ ಕಲ್ಲಿಗೂ ನಡುವೆ ಸಿಕ್ಕಿತು. ಅವನು ಕಿರುಚಿ ಕಾಲೆಳೆದುಕೊಂಡು ಬಂಡೆಯ ಮೇಲೆ ಬಿದ್ದ. ಕಡಾಯಿ ವಾಲಿ, ನೀರು ಕುಡಿದು, ಅವನು ನೋಡುತ್ತಿದ್ದಂತೆಯೇ ಮುಳುಗಿತು. ಫೋನು ತೊಯ್ದು ಸತ್ತಿತ್ತು.

ಆಗ ಬೆಳಗಿನ ಒಂಬತ್ತೂವರೆ ಇರಬೇಕು. ಹತ್ತು ಹತ್ತೂವರೆಗೆ ದೂರದ ಗೇಟಿನ ಕಡೆಯಿಂದ ದೋಣಿಗಳು ಇಳಿದವು. ಹಳದಿ ಜಾಕೀಟು ತೊಟ್ಟ ಜನ ನಗುತ್ತ ಹುಟ್ಟು ಹಾಕುತ್ತಿದ್ದರು. ಕಾಡಸಿದ್ದ ಅಂಗಿ ಬಿಚ್ಚಿ ಬೀಸಿದ, ಕೂಗಿದ. ಗಾಳಿ ಅವನ ದನಿಯನ್ನು ಹಿಂದಕ್ಕೆ ಒಯ್ದಿತು. ಆ ಜನ ಅವನನ್ನು ನೋಡಿದರು. ನೋಡಿ, ಯಾರೋ ಖುಷಿಯಿಂದ ಕೈಬೀಸುತ್ತಿದ್ದಾನೆಂದು ತಾವೂ ಕೈಬೀಸಿದರು. ಬೀಸಿ ಗುಡ್ಡದ ಮಗ್ಗುಲಿಗೆ ತಿರುಗಿಹೋದರು.

ಕಾಲು ಕುಂಬಳಕಾಯಿಯಷ್ಟು ಊದಿತು. ಬಿಸಿಲು ನೆತ್ತಿಗೆ ಬಂತು. ಅವನು ಕೂತು ಲೆಕ್ಕ ಹಾಕಿದ. ನಾಳೆ ಸೋಮವಾರ, ವಖಾರದಲ್ಲಿ "ಇವತ್ತ ಬಂದಿಲ್ಲ ನೋಡು" ಎನ್ನುತ್ತಾರೆ. ಮಂಗಳವಾರ ಬೇರೆಯವನನ್ನು ಹಚ್ಚುತ್ತಾರೆ. ಕೋಣೆಯ ಮಾಲೀಕ ಬೀಗ ನೋಡಿ ಊರಿಗೆ ಹೋಗಿರಬೇಕೆಂದುಕೊಳ್ಳುತ್ತಾನೆ. ಗೇಟಿನ ಪುಸ್ತಕದಲ್ಲಿ ತನ್ನ ಹೆಸರೇ ಇಲ್ಲ. ಎಂದರೆ, ತನ್ನನ್ನು ಇಂದು ಹುಡುಕುವ ಜೀವ ಈ ಭೂಮಿಯ ಮೇಲೆ ಒಂದೂ ಇಲ್ಲ. ನೋವಿಗಿಂತ ಆ ಲೆಕ್ಕವೇ ಅವನನ್ನು ಕುಗ್ಗಿಸಿತು. ಕೂಗುವುದನ್ನೂ ಬಿಟ್ಟ.

ಹೊತ್ತು ಇಳಿಯುವಾಗ, ಸುಮಾರು ನಾಲ್ಕೂವರೆಗೆ, ಸೀಟಿಯ ಸದ್ದು ಕೇಳಿತು. ಒಂದು ದೋಣಿ ನೇರವಾಗಿ ಬಂಡೆಯ ಕಡೆಗೇ ಬರುತ್ತಿತ್ತು. ಹುಟ್ಟು ಹಾಕುತ್ತಿದ್ದವನು ಅಲ್ಲಿಯ ದೋಣಿಯಾಳು ನಿಲೇಶ. ಮುಂದೆ ಎದ್ದು ನಿಂತು ಸೀಟಿ ಊದುತ್ತಿದ್ದವಳು ನೀಲಮ.

"ಅದಾರ! ಕಾಕಾ ಇಲ್ಲೇ ಅದಾರ! ನಿಲೇಶ, ಜಲ್ದಿ ಹಾಕ್!"

ಬಂಡೆಗೆ ದೋಣಿ ತಾಗಿಸಿ ಅವಳು ಮೊದಲು ಮಾಡಿದ ಕೆಲಸ ಬೈಯುವುದಲ್ಲ. ಅವನಿಗೆ ನೀರು ಕುಡಿಸಿದಳು. ಕಾಲಿಗೆ ಎರಡು ಕಡ್ಡಿ ಇಟ್ಟು ಬಿಸಿಲಿಗೆ ತಲೆಗೆ ಸುತ್ತಿದ್ದ ತನ್ನ ಓಡಣಿಯಿಂದ ಕಟ್ಟಿದಳು. ಆಮೇಲೆ ಹಳದಿ ಜಾಕೀಟು ತೊಡಿಸಿ ಮೂರೂ ಪಟ್ಟಿ ಬಿಗಿದಳು.

"ನಾ ಬರದಿಲ್ಲಲ್ಲ ತಂಗೀ" ಎಂದ ಕಾಡಸಿದ್ದ. "ನಾ ಬಂದಿದ್ದ ನಿನಗ ಹ್ಯಾಂಗ ತಿಳೀತು?"

"ನೀವು ಬರದಿಲ್ಲ, ಅದಕ್ಕ ತಿಳೀತ್ರಿ. ಇಪ್ಪತ್ತೆರಡು ರವಿವಾರ ಒಂಬತ್ತು ಹೊಡ್ಯೂದರಾಗ ನಿಮ್ಮ ಹೆಸರ ಇರ್ತಿತ್ತು. ಇವತ್ತ ಇಲ್ಲ. ಹ್ವಾದ ವಾರ ಬ್ಯಾಸರಾ ಮಾಡ್ಕೊಂಡ ಹ್ವಾದ್ರಿ, ನನ್ನ ಮನಸಿಗೆ ಸಮಾಧಾನನ ಇರಲಿಲ್ಲ. ಫೋನ್ ಹಚ್ಚಿದ್ರ ಹತ್ತವಲ್ದು. ಮೂರು ಗಂಟೇಕ ಮಂದಿ ಕಡಿಮಿ ಆದ ಮ್ಯಾಲ ಅಕ್ಕುತಾಯಿ ಅಂಗಡಿಗೆ ಓಡಿದ್ನಿ. ಆಕಿ ಹೇಳಿದ್ಲು, ಚಾ ಸೈತ ಕುಡೀದ ಗಾಣದ ಕಡೆ ಹೋಗ್ಯಾನ ಅಂತ. ಅಲ್ಲಿ ಹೋಗಿ ನೋಡಿದ್ರ ನೀವೂ ಇಲ್ಲ, ಕಡಾಯಿನೂ ಇಲ್ಲ, ಅದಕ್ಕ ದೋಣಿ ತಗೊಂಡ ಬಂದ್ವಿ."

ಇಪ್ಪತ್ತೆರಡು ರವಿವಾರ ತಾನು ಬಂದದ್ದನ್ನು ಯಾರೋ ಎಣಿಸಿದ್ದರು! ಕಾಡಸಿದ್ದ ಕಣ್ಣು ಒರೆಸಿಕೊಂಡಷ್ಟೂ ನೀರು ಬಂತು.

ನಿಪ್ಪಾಣಿಯ ಆಸ್ಪತ್ರೆಯಲ್ಲಿ ನರ್ಸಮ್ಮ "ಜತೀಗೆ ಯಾರ ಬಂದೀರಿ?" ಎಂದು ಕೇಳಿದಾಗ ನೀಲಮ "ನಾ ಬಂದೀನ್ರಿ" ಎಂದಳು. ಪ್ಲಾಸ್ಟರ್ ಒಣಗುವವರೆಗೆ ಪಕ್ಕದಲ್ಲೇ ಕೂತಳು. ಆಗಲೂ ಕಾಡಸಿದ್ದನ ಹಟ ಪೂರ್ತಿ ಇಳಿದಿರಲಿಲ್ಲ.

"ಕಡಾಯಿ ಕೆಟ್ಟದ್ದಲ್ಲ ತಂಗೀ. ಮಹಾಪೂರದಾಗ ಎಂಟ ಮಂದಿ ಕುಂತ ದಾಟೀವಿ."

"ಎಂಟ ಮಂದಿ ಹ್ಯಾಂಗ ಕುಂತಿದ್ರಿ?"

"ಸುತ್ತಲೂ. ಎದರಾ ಬದರಾ."

"ಅದಕ್ಕ ತೂಕಾ ಸರಿ ಇತ್ತು. ಒಬ್ಬಾಂವ ಕುಂತ್ರ ಒಂದ ಕಡೆ ವಾಲತೈತ್ರಿ. ಮತ್ತ ಕಡಾಯಿ ದಾಟಿಸಿದವ್ರು ಯಾರು?"

"ಹಗ್ಗಾ ಕಟ್ಟಿದ್ರು. ಆ ದಂಡಿಮ್ಯಾಲ ಹತ್ತ ಮಂದಿ, ಈ ದಂಡಿಮ್ಯಾಲ ಹತ್ತ ಮಂದಿ ಹಿಡದ..." ಕಾಡಸಿದ್ದ ಮಾತು ನಿಲ್ಲಿಸಿದ. ಒಂಬತ್ತು ವರ್ಷದಿಂದ ಅವನಿಗೆ ಕಡಾಯಿ ನೆನಪಿತ್ತು, ಹಗ್ಗ ಮರೆತಿತ್ತು.

"ಅಷ್ಟ ನೋಡ್ರಿ ಕಾಕಾ" ಎಂದಳು ನೀಲಮ ಮೆತ್ತಗೆ. "ನಮ್ಮ ಪುಸ್ತಕಾನೂ ಹಗ್ಗಾನ. ಈ ಕಡೀ ತುದಿ ನಾ ಹಿಡದಿರ್ತೀನಿ. ನೀವು ಎಲ್ಲಿಗೆ ಹೊಂಟೀರಿ, ಯಾವಾಗ ಬರ್ತೀರಿ ಅಂತ ಒಂದ ಗೆರಿ ಬರದಿದ್ರ ಹೊತ್ತ ಮೀರಿದ ಕೂಡ್ಲೆ ಹುಡುಕಾಕ ಬರ್ತಿದ್ವಿ. ಇವತ್ತೇನೋ ನಶೀಬ ಚಲೋ ಇತ್ತು. ನಾ ಇವತ್ತ ರಜಾ ಹಾಕಿದ್ರ?"

ಕಾಡಸಿದ್ದ ಪ್ಲಾಸ್ಟರಿನ ಮೇಲೆ ಕೈಯಾಡಿಸಿದ. "ಆದ್ರ ಆ ಕಡೀ ಕಾಲಂ..." ಎಂದ.

"ರಕ್ತ ಹಂಚಕೊಂಡವರದ ಹೆಸರ ಬೇಕಂತ ಯಾರ ಹೇಳ್ಯಾರ್ರಿ? ಸಂಜೀಕ ನೀವು ಬಂದ್ರೋ ಇಲ್ಲೋ ಅಂತ ನೋಡವ್ರು ಒಬ್ರಿದ್ರ ಸಾಕು. ಹ್ವಾದ ವಾರ ಅದನ್ನ ಹೇಳಾಕ ಕೂಗಿದ್ನಿ, ನೀವು ನಿಲ್ಲಲಿಲ್ಲ. ಮಂದಿ ಮುಂದ ಕೇಳಿದ್ದು ನಂದೂ ತಪ್ಪ."

ಕಾಲು ಕೂಡಲು ಎರಡು ತಿಂಗಳು ಹಿಡಿಯಿತು. ಜನವರಿಯ ಮೊದಲ ರವಿವಾರ ಅವನು ಕೋಲೂರಿಕೊಂಡು ಬಸ್ಸಿಳಿದ. ಅಕ್ಕುತಾಯಿ ಅವನನ್ನು ಕಂಡು ಕಪ್ಪು ಕೆಳಗಿಟ್ಟು ಅತ್ತೇಬಿಟ್ಟಳು.

"ಅವತ್ತ 'ಎಲ್ಲಿಗೆ ಹೊಂಟೀಯೋ' ಅನ್ನೂದು ನಾಲಿಗಿ ಮ್ಯಾಲ ಬಂದಿತ್ತಪಾ. ಹೊಂಟವನ್ನ ಕೇಳಬಾರದಂತ ನುಂಗಿದ್ನಿ. ನೀ ಸತ್ತಗಿತ್ತ ಹೋಗಿದ್ರ ಆ ಪಾಪ ನನಗ ಹತ್ತತಿತ್ತು."

"ಇನ್ನ ಕೇಳ್ ಯಕ್ಕಾ. ನಾ ಹೇಳ್ತೀನಿ" ಎಂದ ಕಾಡಸಿದ್ದ. "ಗುಡ್ಡದ ಅರ್ಧಕ್ಕ ಹೋಗಿ ಎರಡು ಗಂಟೇಕ ಬರ್ತೀನಿ. ಬರಲಿಲ್ಲಂದ್ರ ನೀಲಮಗ ಹೇಳು. ಕಡೀ ಕಾಲಂದಾಗ ನಿನ್ನ ಹೆಸರ ಬರೀಲೇನು?"

"ಬರಿ. ದಪ್ಪಗೆ ಬರಿ! ತಡಾ ಮಾಡಿ ಬಂದ್ರ ಆರಿದ ಚಾ ಕುಡಸ್ತೀನಿ ಮತ್ತ."

ಮನೆಗೆ ಮರಳಿದರೆ ಕೋಣೆಯಲ್ಲಿ ಅದೇ ಒಂದು ತಾಟು, ಒಂದು ತಂಬಿಗೆ. ಸತ್ತೆವ್ವ ಇಲ್ಲದ್ದು ಇಲ್ಲದ್ದೇ. ಒಂದು ಹೆಸರು ಬರೆದ ಮಾತ್ರಕ್ಕೆ ಒಂಟಿತನ ಓಡಿಹೋಗುತ್ತದೆಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ಗುಡ್ಡದಿಂದ ಇಳಿಯುವಾಗ ಅವನು ಈಗ ಹೊತ್ತು ನೋಡಿಕೊಳ್ಳುತ್ತಿದ್ದ, ಕಾಯುವವರಿದ್ದಾರೆಂದು.

ಫೆಬ್ರುವರಿಯಲ್ಲಿ ಒಂದು ರವಿವಾರ, ಕಾಡಸಿದ್ದ ಆಗಷ್ಟೇ ಮರಳಿ ಸಹಿ ಹಾಕಿ ಬಸ್ಸಿಗೆ ಹೊರಟಿದ್ದ. ಗೇಟಿನಲ್ಲಿ ಚಿಕ್ಕೋಡಿಯ ಒಬ್ಬ ಮನುಷ್ಯ ಬಂದು ನಿಂತ. ಹೆಸರು ಜ್ಞಾನದೇವ ಎಂದು ಬರೆದ, ಊರು ಬರೆದ, ಗುಡ್ಡದ ನೆತ್ತಿಗೆ ಹೋಗಿ ಐದಕ್ಕೆ ಬರುತ್ತೇನೆಂದು ಬರೆದ. ಕೊನೆಯ ಕಾಲಂ ಹತ್ತಿರ ಪೆನ್ನು ನಿಂತಿತು. ನಿಂತೇ ಇತ್ತು. ಆ ನಿಲುವು ಕಾಡಸಿದ್ದನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದ: "ಅಣ್ಣಾರ, ನನ್ನ ಹೆಸರ ಬರೀರಿ. ಕಾಡಸಿದ್ದ ಅಂತ. ನೀವು ಬರೂಮಟಾ ನಾ ಇಲ್ಲೇ ಕುಂತಿರ್ತೀನಿ."

ಆ ಮನುಷ್ಯ ಅವನ ಮುಖ ನೋಡಿದ, ಏನೂ ಕೇಳದೆ ಬರೆದ. ಕಾಡಸಿದ್ದ ಮೂರು ಗಂಟೆಯ ಬಸ್ಸು ಬಿಟ್ಟ, ನಾಲ್ಕರ ಬಸ್ಸೂ ಬಿಟ್ಟ. ಐದಕ್ಕೆ ಹತ್ತು ನಿಮಿಷವಿರುವಾಗ ಸುಣ್ಣದ ಕಲ್ಲುಗಳ ದಾರಿಯಲ್ಲಿ ಜ್ಞಾನದೇವ ಇಳಿದು ಬರುತ್ತಿರುವುದು ಕಂಡಿತು. ಅವನು ದೂರದಿಂದಲೇ ಕೈಬೀಸಿದ. ಕಾಡಸಿದ್ದ ಎದ್ದು ನಿಂತು ತಾನೂ ಕೈಬೀಸಿದ.

ಓದುವ, ಕೇಳುವ ಅಕ್ಕಂದಿರೆ, ಅಣ್ಣಂದಿರೆ, ಗುಡ್ಡಕ್ಕೆ ಹೋಗಿ, ಡೇರೆಯಲ್ಲಿ ತಂಗಿ, ಕೆರೆಯಲ್ಲಿ ದೋಣಿ ನಡೆಸಿ, ಬೇಡವೆನ್ನುವವರು ಯಾರು? ಆದರೆ ಕಡಾಯಿ, ಟ್ಯೂಬು, ಡಬ್ಬಿ ನಂಬಿ ನೀರಿಗಿಳಿಯಬೇಡಿ. ಈಜು ಬಂದರೂ ಜಾಕೀಟು ತೊಡಿ, ಪಟ್ಟಿ ಬಿಗಿಯಿರಿ. ನೀರಿಗೆ ಒಬ್ಬರೇ ಹೋಗಲೇಬೇಡಿ. ಎಲ್ಲಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಬರುವಿರಿ ಎಂದು ಪುಸ್ತಕದಲ್ಲಿ ಬರೆಯಿರಿ. ಪುಸ್ತಕವಿಲ್ಲದ ಕಡೆ ಚಹಾದಂಗಡಿಯಲ್ಲಾದರೂ ಹೇಳಿ. ಬಂದ ಮೇಲೆ ಬಂದೆನೆಂದು ತಿಳಿಸಿ. ಮತ್ತೆ, ನಿಮ್ಮ ಓಣಿಯಲ್ಲಿ ಒಂಟಿಯಾಗಿರುವವರು ಯಾರಾದರೂ ಚೀಲ ಹೆಗಲಿಗೇರಿಸಿ ಹೊರಟರೆ, ಆ ಹಳೆಯ ರೂಢಿಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಬಾಯಿತುಂಬ ಕೇಳಿ: "ಎಲ್ಲಿಗೆ ಹೊಂಟ್ರಿ? ಯಾವಾಗ ಬರ್ತೀರಿ?" ಕೇಳಿ ಮರೆತುಬಿಡಬೇಡಿ. ಸಂಜೆ ಅವರ ಬಾಗಿಲು ತೆರೆದಿದೆಯೇ ಎಂದು ಒಮ್ಮೆ ನೋಡಿ.